ಅಜೋರ್ಸ್‌ನಲ್ಲಿ ಹತ್ತು ದಿನ: ಐದು ದ್ವೀಪ ಬೇಡ, ಎರಡು ನೆಲೆ ಸಾಕು

ಪ್ರಶ್ನೆ: ನಾವು ಜರ್ಮನಿಯ ಮ್ಯೂನಿಕ್‌ನಲ್ಲಿ ನೆಲೆಸಿರುವ ಕನ್ನಡಿಗ ದಂಪತಿ. ಬೆಂಗಳೂರಿನಿಂದ ಬರಲಿರುವ ತಂದೆತಾಯಿಯರ ಜೊತೆ ಹತ್ತು ದಿನ ಅಜೋರ್ಸ್ ದ್ವೀಪಗಳಿಗೆ ಹೋಗಬೇಕೆಂದಿದ್ದೇವೆ. ಅವರಿಬ್ಬರಿಗೂ ಎಪ್ಪತ್ತರ ಆಸುಪಾಸು, ಶುದ್ಧ ಸಸ್ಯಾಹಾರಿಗಳು. ಸಾವೊ ಮಿಗೆಲ್, ಟೆರ್ಸೇರಾ, ಪಿಕೊ, ಫಾಯಲ್, ಫ್ಲೋರೆಸ್ ಈ ಐದನ್ನೂ ತಲಾ ಎರಡು ದಿನದಂತೆ ನೋಡಬಹುದೇ? ಮೇ ಕೊನೆಯ ರಜೆ ಒಳ್ಳೆಯದೋ, ಆಗಸ್ಟ್ ಒಳ್ಳೆಯದೋ? ಪಿಕೊ ಶಿಖರ ಹತ್ತುವ ಆಸೆ ನಮ್ಮಿಬ್ಬರಿಗಿದೆ. ಜ್ವಾಲಾಮುಖಿಗಳ ನಡುವೆ ಹಿರಿಯರನ್ನು ಕರೆದೊಯ್ಯುವುದು ಸುರಕ್ಷಿತವೇ?

ಉತ್ತರ: ಐದು ದ್ವೀಪಗಳ ಯೋಜನೆಯನ್ನು ದಯವಿಟ್ಟು ಕೈಬಿಡಿ. ನಕ್ಷೆಯಲ್ಲಿ ಈ ದ್ವೀಪಗಳು ಒಂದರ ಪಕ್ಕ ಒಂದು ಕೂತಂತೆ ಕಾಣುತ್ತವೆ. ಆದರೆ ಪೋರ್ಚುಗಲ್‌ಗೆ ಸೇರಿದ, ಅದರ ರಾಜಧಾನಿ ಲಿಸ್ಬನ್‌ನಿಂದ ಪಶ್ಚಿಮಕ್ಕೆ ಸುಮಾರು 1,500 ಕಿಲೋಮೀಟರ್ ದೂರ ಅಟ್ಲಾಂಟಿಕ್ ಸಾಗರದಲ್ಲಿರುವ ಈ ಒಂಬತ್ತು ದ್ವೀಪಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಚದುರಿಕೊಂಡಿವೆ. ಪೂರ್ವದಲ್ಲಿ ಸಾವೊ ಮಿಗೆಲ್ ಮತ್ತು ಸಾಂತಾ ಮರಿಯಾ, ನಡುವೆ ಟೆರ್ಸೇರಾ, ಗ್ರಾಸಿಯೋಜಾ, ಸಾವೊ ಜೋರ್ಜ್, ಪಿಕೊ, ಫಾಯಲ್, ದೂರದ ಪಶ್ಚಿಮದಲ್ಲಿ ಫ್ಲೋರೆಸ್ ಮತ್ತು ಪುಟ್ಟ ಕೋರ್ವೊ. ಕೊನೆಯ ಎರಡಂತೂ ಭೂಗರ್ಭದ ಲೆಕ್ಕದಲ್ಲಿ ಉತ್ತರ ಅಮೆರಿಕದ ಭೂಫಲಕದ ಮೇಲಿವೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹಾರುವ ಸಮಯ ಒಂದು ಗಂಟೆಯೊಳಗೇ ಇರಬಹುದು, ಆದರೆ ಕೋಣೆ ಖಾಲಿ ಮಾಡಿ, ಕಾರು ಹಿಂದಿರುಗಿಸಿ, ವಿಮಾನ ಹಿಡಿದು, ಅಲ್ಲಿ ಮತ್ತೆ ಕಾರು ಪಡೆದು ಊರು ಸೇರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಎರಡು ದಿನದ ತಂಗುವಿಕೆಯಲ್ಲಿ ಉಳಿಯುವುದು ಒಂದೂವರೆ ದಿನ; ಆ ಒಂದೂವರೆ ದಿನವೂ ಮಂಜಿನಲ್ಲಿ ಮುಳುಗಿದರೆ ಆ ದ್ವೀಪಕ್ಕೆ ಹೋಗಿಯೂ ಹೋಗದಂತೆಯೇ.

ಹವಾಮಾನ ವರದಿಗಳಲ್ಲಿ, ಒಣಹವೆ ತರುವ ಅಜೋರ್ಸ್‌ನ ಅಧಿಕ ವಾಯುಒತ್ತಡದ ವಲಯದ ಹೆಸರನ್ನು ಪದೇ ಪದೇ ಕೇಳುವುದರಿಂದ ಅಲ್ಲಿ ಸದಾ ಬಿಸಿಲಿರುತ್ತದೆ ಎಂದು ಯುರೋಪಿನಲ್ಲಿರುವ ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಸಾಗರದ ನಟ್ಟನಡುವೆ ಎದ್ದು ನಿಂತ ಈ ಬೆಟ್ಟಗಳಿಗೆ ತೇವಭರಿತ ಗಾಳಿ ಬಡಿದು ಮೇಲೇರಿ ಮೋಡವಾಗುತ್ತದೆ. ನಮ್ಮ ಘಟ್ಟಗಳಲ್ಲಿ ನಡೆಯುವುದೂ ಇದೇ; ಅಲ್ಲಿ ಮಾತ್ರ ಅದು ಒಂದೇ ದಿನದಲ್ಲಿ ಹಲವು ಬಾರಿ ನಡೆಯುತ್ತದೆ. ಸಾವೊ ಮಿಗೆಲ್‌ನ ದಕ್ಷಿಣ ಕರಾವಳಿಯಲ್ಲಿ ಬಿಸಿಲು ಕಾಯುತ್ತಿರುವಾಗ ನಡುಬೆಟ್ಟದ ಕೆರೆ ಕಣ್ಣಿಗೇ ಕಾಣದಿರುವುದು ತೀರಾ ಸಾಮಾನ್ಯ. ಒಂದು ದಿನದಲ್ಲಿ ನಾಲ್ಕು ಋತುಗಳನ್ನು ನೋಡಬಹುದೆಂದು ಅಲ್ಲಿನವರು ಹೇಳುವುದು ಅನುಭವದ ಮಾತು.

ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟು: ಯಾವ ದಿನ ಎಲ್ಲಿಗೆ ಎಂದು ಮುಂಚಿತವಾಗಿ ನಿಗದಿ ಮಾಡಬೇಡಿ. ಒಂದು ನೆಲೆಯಲ್ಲಿ ನಾಲ್ಕೈದು ರಾತ್ರಿ ತಂಗಿ, ಅಲ್ಲಿಂದ ನೋಡಬೇಕಾದ ಜಾಗಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿಕೊಳ್ಳಿ. ಆಕಾಶ ತಿಳಿಯಾಗಿದ್ದರೆ ಮಾತ್ರ ನೋಡಬಹುದಾದದ್ದು ಒಂದು, ಮಳೆಯಲ್ಲಿಯೂ ನೋಡಬಹುದಾದದ್ದು ಇನ್ನೊಂದು. ಬೆಳಿಗ್ಗೆ ಎದ್ದ ಕೂಡಲೇ ಸ್ಪಾಟ್‌ಅಜೋರ್ಸ್ ಎಂಬ ಆ್ಯಪ್‌ನಲ್ಲಿ ಆಯಾ ಕೆರೆ, ಶಿಖರ, ಕಡಲತೀರಗಳ ನೇರ ಕ್ಯಾಮೆರಾ ಚಿತ್ರಗಳನ್ನು ನೋಡಿ ಆ ದಿನವನ್ನು ತೀರ್ಮಾನಿಸಿ. ಹವಾಮಾನ ಮುನ್ಸೂಚನೆಗಿಂತ ಆ ಕ್ಯಾಮೆರಾಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಸಮಯದ ಪ್ರಶ್ನೆಗೆ ನನ್ನ ಉತ್ತರ ಮೇ ಕೊನೆ. ಆಗಸ್ಟ್‌ನಲ್ಲಿ ಸಮುದ್ರದ ನೀರು 22–23 ಡಿಗ್ರಿಯವರೆಗೆ ಬೆಚ್ಚಗಾಗುತ್ತದೆ, ಹೊಲಗಳ ಬೇಲಿಯುದ್ದಕ್ಕೂ ನೀಲಿ ಹೈಡ್ರೇಂಜಿಯಾ ಅರಳಿರುತ್ತದೆ. ಆದರೆ ಕೋಣೆಗಳ ದರ ಏರಿರುತ್ತದೆ, ಬಾಡಿಗೆ ಕಾರು ಸಿಗುವುದೇ ಕಷ್ಟವಾಗುತ್ತದೆ. ಮೇ ಕೊನೆಯಲ್ಲಿ ನೀರು ತಣ್ಣಗಿರುತ್ತದೆ, ಹೈಡ್ರೇಂಜಿಯಾ ಇನ್ನೂ ಮೊಗ್ಗಾಗಿರುತ್ತದೆ. ಅದಕ್ಕೆ ಬದಲಾಗಿ ನಿಮಗೆ ದಕ್ಕುವುದು ನೀಲಿ ತಿಮಿಂಗಿಲ. ಉತ್ತರದ ತಂಪು ನೀರಿನತ್ತ ವಲಸೆ ಹೋಗುವ ನೀಲಿ ತಿಮಿಂಗಿಲಗಳೂ ಫಿನ್ ತಿಮಿಂಗಿಲಗಳೂ ಈ ದ್ವೀಪಗಳ ಬಳಿ ಹಾದುಹೋಗುವುದು ವಸಂತದಲ್ಲಿ. ಜೂನ್ ದಾಟಿದರೆ ಅವು ಅಪರೂಪ. ಹಲ್ಲಿರುವ ಸ್ಪರ್ಮ್ ತಿಮಿಂಗಿಲಗಳು ಮಾತ್ರ ಬೇಸಿಗೆಯುದ್ದಕ್ಕೂ ಅಲ್ಲಿರುತ್ತವೆ.

ಇನ್ನೊಂದು ಕಾರಣವೂ ಇದೆ. ನಿಮ್ಮ ಬವೇರಿಯಾ ರಾಜ್ಯದ ಶಾಲೆಗಳಿಗೆ ರಜೆ ಸಿಗುವ, ಈಸ್ಟರ್‌ನ ಏಳು ವಾರಗಳ ನಂತರ ಬರುವ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬವೇ ಅಜೋರ್ಸ್‌ನ ಅತಿ ದೊಡ್ಡ ಜನಪದ ಆಚರಣೆಯ ಕಾಲ. ಊರೂರಿನಲ್ಲಿರುವ ‘ಇಂಪೆರಿಯು’ ಎಂಬ ಬಣ್ಣಬಣ್ಣದ ಪುಟ್ಟ ಗುಡಿಗಳನ್ನು ಸಿಂಗರಿಸಿ, ಬೆಳ್ಳಿಯ ಕಿರೀಟವನ್ನು ಮೆರವಣಿಗೆ ಮಾಡಿ, ಬಂದವರಿಗೆಲ್ಲ ರೊಟ್ಟಿ ಮತ್ತು ಸಾರು ಹಂಚುತ್ತಾರೆ. ಸಾರು ದನದ ಮಾಂಸದ್ದಾದ್ದರಿಂದ ನಿಮ್ಮವರು ಊಟಕ್ಕೆ ಕೂರುವಂತಿಲ್ಲ, ಆದರೆ ಮೆರವಣಿಗೆಯನ್ನು ಮಾತ್ರ ತಪ್ಪಿಸಬೇಡಿ. ಹಬ್ಬದ ಮರುದಿನ ಸೋಮವಾರ ಅಜೋರ್ಸ್ ದಿನವೆಂದು ಸಾರ್ವತ್ರಿಕ ರಜೆ. ಅಂಗಡಿಗಳು ಮುಚ್ಚಿರಬಹುದು, ದಿನಸಿ ಹಿಂದಿನ ದಿನಗಳಲ್ಲೇ ತಂದಿಟ್ಟುಕೊಳ್ಳಿ.

ನಿಮ್ಮ ಹತ್ತು ರಾತ್ರಿಗಳನ್ನು ನಾನು ಹೀಗೆ ಹಂಚುತ್ತೇನೆ: ಸಾವೊ ಮಿಗೆಲ್‌ನಲ್ಲಿ ಐದು, ಪಿಕೊದಲ್ಲಿ ನಾಲ್ಕು, ಕೊನೆಯ ಒಂದು ರಾತ್ರಿ ಮತ್ತೆ ಸಾವೊ ಮಿಗೆಲ್‌ನಲ್ಲಿ. ಕೊನೆಯ ಆ ರಾತ್ರಿ ವ್ಯರ್ಥವೆಂದು ತೋರಬಹುದು, ಆದರೆ ಅದನ್ನು ಬಿಡುವುದಕ್ಕೆ ನಾನು ಒಪ್ಪುವುದಿಲ್ಲ. ಪಿಕೊ ಮತ್ತು ಫಾಯಲ್‌ನಂಥ ಸಣ್ಣ ನಿಲ್ದಾಣಗಳಲ್ಲಿ ಮಂಜು ಅಥವಾ ಅಡ್ಡಗಾಳಿಯಿಂದ ವಿಮಾನ ರದ್ದಾಗುವುದು ಅಪರೂಪವಲ್ಲ. ಅಂತರರಾಷ್ಟ್ರೀಯ ವಿಮಾನದ ದಿನವೇ ಅಲ್ಲಿಂದ ಹೊರಟರೆ ಮನೆಗೆ ಮರಳುವ ವಿಮಾನ ತಪ್ಪುವ ಸಂಭವ ನಿಜಕ್ಕೂ ಇದೆ.

ಸಾವೊ ಮಿಗೆಲ್ ಸುಮಾರು 65 ಕಿಲೋಮೀಟರ್ ಉದ್ದದ, ದ್ವೀಪಗಳಲ್ಲೆಲ್ಲ ದೊಡ್ಡದಾದ ದ್ವೀಪ. ತಿಳಿ ಆಕಾಶದ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಬೇಕಾದದ್ದು ಸೆಟೆ ಸಿದಾದೆಸ್. ಸುಮಾರು ಐದು ಕಿಲೋಮೀಟರ್ ಅಗಲಕ್ಕೆ ಕುಸಿದು ಕುಳಿಯಾದ ಜ್ವಾಲಾಮುಖಿಯ ತಳದಲ್ಲಿ ಒಂದು ನೀಲಿ, ಒಂದು ಹಸಿರು ಕೆರೆ. ನಡುವೆ ಸೇತುವೆ, ದಡದಲ್ಲಿ ಹಳ್ಳಿ. 1901ರಲ್ಲಿ ಪೋರ್ಚುಗಲ್‌ನ ದೊರೆ ಕಾರ್ಲೋಸ್ ಬಂದು ನೋಡಿದ ಸ್ಥಳವೆಂದು ವಿಸ್ತಾ ದೊ ರೇ ಎಂಬ ಹೆಸರು ಪಡೆದ ನೋಟದ ತಾಣಕ್ಕೆ ಕಾರು ನೇರವಾಗಿ ಹೋಗುತ್ತದೆ, ಹಿರಿಯರು ನಡೆಯುವ ಪ್ರಮೇಯವೇ ಇಲ್ಲ. ಎರಡನೆಯದು ಬೆಟ್ಟದ ನೆತ್ತಿಯ ಲಾಗೋವಾ ದೊ ಫೋಗೊ ಕೆರೆ. ಇತ್ತೀಚಿನ ವರ್ಷಗಳಲ್ಲಿ ಬೇಸಿಗೆಯ ಹಗಲು ಹೊತ್ತಿನಲ್ಲಿ ಆ ರಸ್ತೆಗೆ ಖಾಸಗಿ ಕಾರುಗಳನ್ನು ಬಿಡದೆ ಶಟಲ್ ಬಸ್ ಓಡಿಸುತ್ತಿದ್ದಾರೆ; ಹೋಗುವ ಮುನ್ನ ಆ ವರ್ಷದ ನಿಯಮವನ್ನು ವಿಚಾರಿಸಿಕೊಳ್ಳಿ.

ಮಳೆಯ ಪಟ್ಟಿಯ ಮೊದಲ ಸ್ಥಾನ ಫುರ್ನಾಸ್ ಕಣಿವೆಗೆ ಸಲ್ಲಬೇಕು, ಅದಕ್ಕೊಂದು ಇಡೀ ದಿನ ಕೊಡಿ. ಕೆರೆಯ ದಡದಲ್ಲಿ ನೆಲವೇ ಒಲೆ. ಬೆಳಗಿನ ಜಾವ ಹೋಟೆಲಿನವರು ಮಾಂಸ, ಕೋಸು, ಕೆಸವಿನ ಗೆಡ್ಡೆ, ಕ್ಯಾರೆಟ್ ತುಂಬಿದ ಪಾತ್ರೆಗಳನ್ನು ಬಟ್ಟೆಯಲ್ಲಿ ಬಿಗಿದು ಗುಂಡಿಗೆ ಇಳಿಸಿ, ಮೇಲೆ ಮಣ್ಣು ಗುಡ್ಡೆ ಮಾಡಿ, ಯಾವ ಹೋಟೆಲಿನದ್ದೆಂದು ಗುರುತಿಗೆ ಒಂದು ಫಲಕ ನೆಡುತ್ತಾರೆ. ಸುಮಾರು ಆರು ಗಂಟೆ ಹಬೆಯಲ್ಲಿ ಬೆಂದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಇಬ್ಬರು ಕೊಕ್ಕೆ ಹಾಕಿ ಮೇಲೆತ್ತುವಾಗ ಗಂಧಕದ ವಾಸನೆಯೂ ಅಡುಗೆಯ ವಾಸನೆಯೂ ಒಟ್ಟಿಗೆ ಬರುತ್ತವೆ. ಇದೇ ಕೊಜಿದೊ. ಒಂದೆರಡು ದಿನ ಮೊದಲೇ ಹೇಳಿದರೆ ಬರೀ ತರಕಾರಿಯ ಕೊಜಿದೊ ಮಾಡಿಕೊಡುವ ಹೋಟೆಲುಗಳಿವೆ. ಹಳ್ಳಿಯೊಳಗಿನ ಕುದಿಯುವ ಬುಗ್ಗೆಯಲ್ಲಿ ಬೇಯಿಸಿ ಮಾರುವ ಜೋಳದ ತೆನೆಯನ್ನು ನಿಮ್ಮ ತಂದೆತಾಯಿ ನಿಶ್ಚಿಂತೆಯಿಂದ ತಿನ್ನಬಹುದು.

ಅಲ್ಲಿಯೇ ಟೆರಾ ನೋಸ್ಟ್ರಾ ಉದ್ಯಾನವಿದೆ. ಬೋಸ್ಟನ್‌ನಿಂದ ಬಂದ ಥಾಮಸ್ ಹಿಕ್ಲಿಂಗ್ ಹದಿನೆಂಟನೆಯ ಶತಮಾನದ ಕೊನೆಭಾಗದಲ್ಲಿ ಇಲ್ಲಿ ತನ್ನ ಬೇಸಿಗೆ ಮನೆ ಕಟ್ಟಿಸಿದ್ದ. ಆ ಮನೆಯ ಮುಂದಿನ ಕೊಳದ ಬೆಚ್ಚನೆಯ ನೀರು ಕಬ್ಬಿಣಾಂಶದಿಂದ ಕೆಂಪು ಮಣ್ಣು ಕದಡಿದಂತೆ ಕಾಣುತ್ತದೆ. ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಹಿತವಾದ ಜಾಗ ಆ ದ್ವೀಪದಲ್ಲಿಲ್ಲ. ತಿಳಿಬಣ್ಣದ ಬಟ್ಟೆ ಮಾತ್ರ ತೊಡಬೇಡಿ, ಕಲೆ ಹೋಗುವುದಿಲ್ಲ. ಬೆಳ್ಳಿಯ ಒಡವೆಗಳನ್ನೂ ಕೋಣೆಯಲ್ಲೇ ಬಿಟ್ಟುಹೋಗಿ.

ಉತ್ತರ ಕರಾವಳಿಯ ಗೊರ್ರೆಯಾನಾ ಚಹಾ ತೋಟ 1883ರಿಂದ ನಡೆಯುತ್ತಿದೆ. ಕಿತ್ತಳೆ ತೋಟಗಳು ರೋಗಕ್ಕೆ ತುತ್ತಾದ ಮೇಲೆ ಬೇರೆ ಬೆಳೆ ಹುಡುಕುತ್ತಿದ್ದ ರೈತರಿಗೆ 1878ರಲ್ಲಿ ಮಕಾವುವಿನಿಂದ ಕರೆಸಿದ ಇಬ್ಬರು ಚೀನಿಯರು ಚಹಾ ಸಂಸ್ಕರಣೆ ಕಲಿಸಿದರು. ಪೊಂಟಾ ಡೆಲ್ಗಾಡಾ ನಗರದ ಅಂಚಿನಲ್ಲಿ ಗಾಜಿನ ಮನೆಗಳೊಳಗೆ ಬೆಳೆಯುವ ಅನಾನಸ್ ಇನ್ನೊಂದು ವಿಶೇಷ. ಹಣ್ಣಾಗಲು ಒಂದೂವರೆಯಿಂದ ಎರಡು ವರ್ಷ ಬೇಕು. ಎಲ್ಲ ಗಿಡಗಳೂ ಏಕಕಾಲಕ್ಕೆ ಹೂಬಿಡಲೆಂದು ಗಾಜಿನ ಮನೆಯೊಳಗೆ ಹಸಿ ಸೊಪ್ಪು ಸುಟ್ಟು ಹೊಗೆ ತುಂಬುತ್ತಾರೆ. ಬನವಾಸಿಯ ಕಡೆ ಅನಾನಸ್ ಬೆಳೆದವರಿಗೆ ಇದರ ಮರ್ಮ ಕೂಡಲೇ ತಿಳಿಯುತ್ತದೆ, ಏಕೆಂದರೆ ನಮ್ಮ ರೈತರು ಹೂಬಿಡಿಸಲು ಸುಳಿಗೆ ಹಾಕುವ ಎಥ್ರೆಲ್ ಎಂಬ ರಾಸಾಯನಿಕದಿಂದ ಬಿಡುಗಡೆಯಾಗುವ ಎಥಿಲೀನ್ ಅನಿಲವೇ ಆ ಹೊಗೆಯಲ್ಲಿಯೂ ಇರುವುದು.

ಐದು ರಾತ್ರಿಗಳ ನಂತರ ವಿಮಾನದಲ್ಲಿ ಪಿಕೊಗೆ ಹೋಗಿ. ಪಿಕೊ, ಫಾಯಲ್ ಮತ್ತು ಸಾವೊ ಜೋರ್ಜ್ ನಡುವೆ ವರ್ಷವಿಡೀ ದೋಣಿಗಳು ಓಡುತ್ತವೆ. ಪಿಕೊದ ಮಡಲೇನಾದಿಂದ ಫಾಯಲ್‌ನ ಓರ್ತಾಗೆ ಅರ್ಧ ಗಂಟೆಯ ದಾರಿ. ಹಾಗಾಗಿ ಮಡಲೇನಾದಲ್ಲಿ ಒಂದೇ ಮನೆ ಹಿಡಿದರೆ ಎರಡು ದ್ವೀಪಗಳು ಕೈಗೆಟುಕುತ್ತವೆ. ನಿಮ್ಮ ಪಟ್ಟಿಯ ಐದರಲ್ಲಿ ಮೂರು ಹೀಗೆ ಯಾವ ಅವಸರವೂ ಇಲ್ಲದೆ ಪೂರೈಸುತ್ತವೆ.

ಈಗ ಶಿಖರದ ಮಾತು. ಪಿಕೊ 2,351 ಮೀಟರ್ ಎತ್ತರವಿದ್ದು ಇಡೀ ಪೋರ್ಚುಗಲ್‌ಗೆ ಅತ್ಯುನ್ನತ ಬೆಟ್ಟ. ಸುಮಾರು 1,200 ಮೀಟರ್ ಎತ್ತರದಲ್ಲಿರುವ ಬೆಟ್ಟದ ಕಚೇರಿಯವರೆಗೆ ಕಾರು ಹೋಗುತ್ತದೆ. ಅಲ್ಲಿ ಹೆಸರು ನೋಂದಾಯಿಸಿ, ನೀವೆಲ್ಲಿದ್ದೀರೆಂದು ತಿಳಿಸುವ ಜಿಪಿಎಸ್ ಸಾಧನವನ್ನು ಪಡೆದು ಹೊರಡಬೇಕು. ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿ ಇರುವುದರಿಂದ ಮುಂಗಡ ಕಾಯ್ದಿರಿಸುವುದು ಒಳ್ಳೆಯದು. ದಾರಿಯುದ್ದಕ್ಕೂ ಸಂಖ್ಯೆ ಬರೆದ ಕಂಬಗಳಿವೆ. ಹತ್ತಲು ಮೂರು ನಾಲ್ಕು ಗಂಟೆ, ಇಳಿಯಲೂ ಅಷ್ಟೇ. ಇಳಿಯುವುದೇ ಹೆಚ್ಚು ಕಷ್ಟ: ಹೆಪ್ಪುಗಟ್ಟಿದ ಲಾವಾದ ಮೇಲೆ ಸಡಿಲ ಜಲ್ಲಿ, ಮಂಡಿಗೂ ಪಾದಕ್ಕೂ ಬಿಡುವಿಲ್ಲ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದು ಅಭ್ಯಾಸವಿರುವವರಿಗೆ ಇದು ಅಸಾಧ್ಯವೇನಲ್ಲ, ಆದರೆ ಇಲ್ಲಿ ಮರದ ನೆರಳಿಲ್ಲ, ನೀರಿಲ್ಲ, ಮೋಡ ಮುಸುಕಿದರೆ ಮುಂದಿನ ಕಂಬ ಕಾಣುವುದಿಲ್ಲ. ಮಾರ್ಗದರ್ಶಕರನ್ನು ಕರೆದುಕೊಂಡೇ ಹೋಗಿ. ಅವರು ಬೇಡವೆಂದ ದಿನ ವಾದಿಸಬೇಡಿ. ಪಿಕೊದಲ್ಲಿ ನಾಲ್ಕು ರಾತ್ರಿ ಇರಬೇಕೆಂದು ನಾನು ಒತ್ತಾಯಿಸುವುದೇ ಈ ಒಂದು ತಿಳಿಯಾದ ಬೆಳಗಿಗಾಗಿ. ನಿಮ್ಮಲ್ಲೊಬ್ಬರು ಮಾತ್ರ ಹತ್ತಿ, ಇನ್ನೊಬ್ಬರು ಹಿರಿಯರ ಜೊತೆ ಉಳಿಯುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಸರಿ. ಇಡೀ ಹಗಲು ಅಪರಿಚಿತ ದ್ವೀಪದಲ್ಲಿ ಅವರಿಬ್ಬರೇ ಆತಂಕದಿಂದ ಕಾಯುವಂತಾಗಬಾರದು.

ಉಳಿದವರಿಗೆ ಆ ದಿನ ಮಡಲೇನಾದ ಪಕ್ಕದ ಕ್ರಿಯಾಸಾವೊ ವೆಲ್ಯಾದ ದ್ರಾಕ್ಷಿ ತೋಟಗಳಿವೆ. ಕಡಲ ಅಂಚಿನವರೆಗೂ ಕಪ್ಪು ಕಲ್ಲಿನ ಗೋಡೆಗಳಿಂದ ಸಣ್ಣಸಣ್ಣ ಚೌಕಗಳನ್ನು ಕಟ್ಟಿ, ಒಂದೊಂದರಲ್ಲಿ ಕೆಲವೇ ಬಳ್ಳಿಗಳನ್ನು ಬೆಳೆಸಿದ್ದಾರೆ. ಗೋಡೆ ಉಪ್ಪುಗಾಳಿಯನ್ನು ತಡೆಯುತ್ತದೆ, ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದೆ. ಗಾರೆಯಿಲ್ಲದೆ ಪೇರಿಸಿದ ಈ ಗೋಡೆಗಳ ಸೀಮೆಯನ್ನು 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ತಿಮಿಂಗಿಲ ನೋಡಲು ದ್ವೀಪದ ದಕ್ಷಿಣದ ಲಾಜೆಸ್ ಊರಿಗೆ ಹೋಗಿ. 1980ರ ದಶಕದವರೆಗೂ ಇಲ್ಲಿನವರು ತೆರೆದ ದೋಣಿಗಳಲ್ಲಿ ಕೈಯಿಂದ ಈಟಿ ಎಸೆದು ತಿಮಿಂಗಿಲಗಳನ್ನು ಬೇಟೆಯಾಡುತ್ತಿದ್ದರು. ಅಂದು ದಡದ ಎತ್ತರದ ಗೂಡುಗಳಲ್ಲಿ ಕೂತು ಕಡಲನ್ನು ಕಾಯುತ್ತಿದ್ದ ‘ವಿಜಿಯಾ’ ಎಂಬ ಕಾವಲುಗಾರರ ಕೆಲಸ ಇಂದೂ ಉಳಿದಿದೆ: ದೊಡ್ಡ ದುರ್ಬೀನಿನಲ್ಲಿ ನೀರಿನ ಮೇಲಿನ ಉಸಿರಿನ ತುಂತುರನ್ನು ಗುರುತಿಸಿ, ಯಾವ ದಿಕ್ಕಿಗೆ ಎಷ್ಟು ದೂರವೆಂದು ಪ್ರವಾಸಿ ದೋಣಿಗಳಿಗೆ ರೇಡಿಯೊದಲ್ಲಿ ತಿಳಿಸುತ್ತಾರೆ. ಕೊಲ್ಲುವ ವಿದ್ಯೆ ಕಾಣುವ ವಿದ್ಯೆಯಾಗಿ ಬದಲಾದದ್ದು ನನಗೆ ಈ ದ್ವೀಪಗಳ ಬಗ್ಗೆ ಅತಿ ಹೆಚ್ಚು ಗೌರವ ತರಿಸಿದ ಸಂಗತಿ. ಒಂದು ಎಚ್ಚರಿಕೆ: ಗಾಳಿ ತುಂಬಿದ ರಬ್ಬರ್ ದೋಣಿಗಳು ಅಲೆಯ ಮೇಲೆ ಎಗರೆಗರಿ ಬೀಳುವುದರಿಂದ ಬೆನ್ನುನೋವಿದ್ದವರಿಗೆ ಅವು ಕೂಡದು. ದೊಡ್ಡ ದೋಣಿ ಇದೆಯೇ ಎಂದು ಕೇಳಿ ಕಾಯ್ದಿರಿಸಿ, ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಿ.

ಫಾಯಲ್‌ಗೆ ಒಂದು ಇಡೀ ದಿನ ಮೀಸಲಿಡಿ, ಅದರ ಮುಖ್ಯ ಭಾಗ ಕಪೆಲಿನ್ಯೋಸ್‌ಗೆ. 1957ರ ಸೆಪ್ಟೆಂಬರ್ 27ರಂದು ದಡದಿಂದ ಸ್ವಲ್ಪ ದೂರದಲ್ಲಿ ಕಡಲು ಕುದಿಯತೊಡಗಿತು. ಮುಂದಿನ ಹದಿಮೂರು ತಿಂಗಳು ಬೂದಿ ಸುರಿದು ಮನೆ, ಹೊಲಗಳು ಹೂತುಹೋದವು, ದ್ವೀಪಕ್ಕೆ ಸುಮಾರು 2.4 ಚದರ ಕಿಲೋಮೀಟರ್ ಹೊಸ ನೆಲ ಅಂಟಿಕೊಂಡಿತು. ಆ ನೆಲದ ಬಹುಭಾಗವನ್ನು ಅಲೆಗಳು ಮತ್ತೆ ತಿಂದಿವೆ. ಬದುಕು ಕಳೆದುಕೊಂಡವರಿಗಾಗಿ ಅಮೆರಿಕ 1958ರಲ್ಲಿ ತನ್ನಲ್ಲಿಗೆ ವಲಸೆ ಬರಲು ಅವಕಾಶ ಕೊಡುವ ವಿಶೇಷ ಕಾನೂನು ಮಾಡಿತು. ಅದನ್ನು ಮುಂದಿಟ್ಟವರಲ್ಲಿ ಆಗ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ ಒಬ್ಬರು. ಆ ಬಾಗಿಲಿನಿಂದ ಸಾವಿರಾರು ಕುಟುಂಬಗಳು ದ್ವೀಪ ತೊರೆದವು. ಕೆಳ ಅಂತಸ್ತು ಬೂದಿಯಲ್ಲಿ ಹೂತಿರುವ ದೀಪಸ್ತಂಭ ಇಂದಿಗೂ ನಿಂತಿದೆ. ನೆಲದ ರೂಪ ಕೆಡದಂತೆ ವಸ್ತುಸಂಗ್ರಹಾಲಯವನ್ನು ಬೂದಿಯ ಕೆಳಗೇ ಕಟ್ಟಿದ್ದಾರೆ.

ಟೆರ್ಸೇರಾವನ್ನು ಬಿಡಿಸುತ್ತಿರುವುದಕ್ಕೆ ನನಗೂ ಬೇಸರವಿದೆ, ಏಕೆಂದರೆ ಭಾರತದವರಿಗೆ ಅಲ್ಲೊಂದು ನಿಜವಾದ ನಂಟಿದೆ. 1498ರಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಸಿಕೊಂಡು ಹಿಂದಿರುಗಿದ ವಾಸ್ಕೊ ಡ ಗಾಮನ ಅಣ್ಣ ಪಾವ್ಲೊ, ಮರುವರ್ಷ ಊರು ಸೇರುವ ಮುನ್ನವೇ ಟೆರ್ಸೇರಾದಲ್ಲಿ ತೀರಿಕೊಂಡ. ಅವನ ಸಮಾಧಿ ಆಂಗ್ರಾ ಪಟ್ಟಣದಲ್ಲಿದೆ. ಮುಂದೆ ಗೋವೆಯಿಂದ ಮೆಣಸು ಹೊತ್ತು ಮರಳುವ ಹಡಗುಗಳಿಗೆ ಆ ಬಂದರೇ ತಂಗುದಾಣವಾಯಿತು. ರಜೆ ಮೂರು ದಿನ ಹೆಚ್ಚಿಸಲು ಸಾಧ್ಯವಾದರೆ ಆ ಮೂರೂ ದಿನ ಟೆರ್ಸೇರಾಗೆ. ಫ್ಲೋರೆಸ್ ಅತ್ಯಂತ ಸುಂದರ, ಆದರೆ ದೂರ. ಅದಕ್ಕೆ ಬೇರೆಯದೇ ಪ್ರವಾಸ ಬೇಕು.

ಸುರಕ್ಷತೆಯ ಬಗ್ಗೆ: ನೆಲದ ಮೇಲೆ ಕೊನೆಯದಾಗಿ ಸ್ಫೋಟವಾದದ್ದು ಅದೇ ಕಪೆಲಿನ್ಯೋಸ್, ಅನಂತರ 1998ರಿಂದ 2001ರವರೆಗೆ ಟೆರ್ಸೇರಾದ ಪಶ್ಚಿಮಕ್ಕೆ ಸಮುದ್ರದಡಿಯಲ್ಲಿ ಒಂದು ನಡೆಯಿತು. ಭೂಕಂಪಗಳು ಆಗುತ್ತವೆ, 1980 ಮತ್ತು 1998ರಲ್ಲಿ ಪ್ರಾಣಹಾನಿಯೂ ಆಗಿದೆ. ಈಗ ದ್ವೀಪಗಳಾದ್ಯಂತ ಮಾಪಕಗಳಿಟ್ಟು ಹಗಲಿರುಳು ಗಮನಿಸುತ್ತಾರೆ. ಪ್ರವಾಸಿಗರಿಗೆ ನಿಜವಾಗಿ ಹಾನಿಯಾಗುವುದು ಬೇರೆ ಕಡೆ. ಫುರ್ನಾಸ್‌ನ ಬುಗ್ಗೆಗಳ ಸುತ್ತಲಿನ ಬೇಲಿ ದಾಟಬಾರದು, ಗಟ್ಟಿಯಾಗಿ ಕಾಣುವ ನೆಲದಡಿ ಕುದಿಯುವ ಕೆಸರಿರುತ್ತದೆ. ಲಾವಾ ಬಂಡೆಗಳ ನಡುವಿನ ಕಡಲ ಕೊಳಗಳಲ್ಲಿ ಅಲೆ ಜೋರಾಗಿದ್ದ ದಿನ ಇಳಿಯಬಾರದು. ಒದ್ದೆ ಲಾವಾದ ಮೇಲೆ ಚಪ್ಪಲಿಯಲ್ಲಿ ನಡೆಯಬಾರದು. ಹಿರಿಯರಿಗೆ ಒಳ್ಳೆಯ ಹಿಡಿತದ ಬೂಟು, ಒಂದು ಊರುಗೋಲು ಇರಲಿ.

ಊಟಕ್ಕೆ ಅಡುಗೆಮನೆಯಿರುವ ಬಾಡಿಗೆ ಮನೆಯೇ ಪರಿಹಾರ. ಅಕ್ಕಿ, ಬೇಳೆಕಾಳು, ತರಕಾರಿ, ಹಾಲು, ಮೊಸರು ಅಲ್ಲಿ ಧಾರಾಳ; ಸಾರಿನ ಪುಡಿ, ಉಪ್ಪಿನಕಾಯಿ, ಸಣ್ಣ ಕುಕ್ಕರ್ ನಿಮ್ಮ ಚೀಲದಲ್ಲಿರಲಿ. ಹೋಟೆಲುಗಳಲ್ಲಿ ‘ಸೆಂ ಕಾರ್ನೆ’ ಎಂದು ಮಾಂಸ ಬೇಡವೆಂದರಷ್ಟೇ ಸಾಲದು, ಟ್ಯೂನಾ ಹಾಕಿ ತಂದಾರು. ‘ಸೆಂ ಪೈಶೆ’ ಎಂದು ಮೀನೂ ಬೇಡವೆನ್ನಿ. ಹಸಿರೆಲೆಯ ಸೂಪಿನಲ್ಲಿಯೂ ಸಾಸೇಜ್ ಚೂರುಗಳಿರುತ್ತವೆ. ಪ್ರಸಿದ್ಧ ಸಾವೊ ಜೋರ್ಜ್ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದರಿಂದ ನಿಮ್ಮ ತಂದೆತಾಯಿಗೆ ಅದನ್ನು ತಿಳಿಸಿಯೇ ಬಡಿಸಿ.

ಅಜೋರ್ಸ್ ಷೆಂಗೆನ್ ವಲಯದೊಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ. ಮಕ್ಕಳನ್ನು ನೋಡಲೆಂದು ಜರ್ಮನಿ ಕೊಟ್ಟ ಅಲ್ಪಾವಧಿ ವೀಸಾದಲ್ಲಿಯೇ, ಅದರ ಅವಧಿ ಉಳಿದಿದ್ದರೆ, ಅವರು ಅಲ್ಲಿಗೆ ಹೋಗಬಹುದು. ಅಗ್ಗವೆಂದು ಲಂಡನ್ ಮೂಲಕ ಟಿಕೆಟ್ ತೆಗೆಯಬೇಡಿ: ಅದು ಷೆಂಗೆನ್ ದಾಟಿ ಹೊರಗೆ ಹೋದಂತೆ, ಏಕಪ್ರವೇಶದ ವೀಸಾ ಅಲ್ಲಿಗೇ ಮುಗಿಯುತ್ತದೆ. ಫ್ರಾಂಕ್‌ಫರ್ಟ್‌ನಿಂದ ನೇರವಾಗಿ ಅಥವಾ ಲಿಸ್ಬನ್ ಮೂಲಕ ಹೋಗಿ. ವಿಮೆ ಪೋರ್ಚುಗಲ್‌ಗೂ ಅನ್ವಯಿಸುತ್ತದೆಂದು ಪತ್ರದಲ್ಲಿ ನೋಡಿಕೊಳ್ಳಿ, ದಿನನಿತ್ಯದ ಮಾತ್ರೆಗಳನ್ನು ಎರಡು ವಾರಕ್ಕಾಗುವಷ್ಟು ಕೈಚೀಲದಲ್ಲೇ ಇಡಿ. ಕಾಯ್ದಿರಿಸುವಾಗ ಮೊದಲು ದ್ವೀಪಗಳ ನಡುವಿನ ವಿಮಾನ, ಕೂಡಲೇ ಎರಡೂ ದ್ವೀಪಗಳ ಕಾರು, ಆಮೇಲೆ ಮನೆ. ಗೇರ್ ಬದಲಿಸುವ ಅಗತ್ಯವಿಲ್ಲದ ಕಾರುಗಳು ಕಡಿಮೆ, ಪಿಕೊದಲ್ಲಂತೂ ತೀರಾ ಕಡಿಮೆ; ಅಂಥದ್ದೇ ಬೇಕಿದ್ದರೆ ಇದೇ ವಾರ ವಿಚಾರಿಸಿ.